ಟೇಪಿನ ಮೇಲೆ ಸಿಸ್ಟಮ್ ಇಮೇಜೋ, ಫೈಲ್ ಬ್ಯಾಕಪ್ಪೋ? ಯುನಿಕ್ಸ್ ಅಡ್ಮಿನ್‌ಗಳಿಗೆ ಒಂದು ಹೋಲಿಕೆ

ಯುನಿಕ್ಸ್ ಸರ್ವರ್ ನೋಡಿಕೊಳ್ಳುವವರಿಗೆ ರೀಸ್ಟೋರ್ (ಬ್ಯಾಕಪ್ಪಿನಿಂದ ವಾಪಸ್ ಹಾಕುವುದು) ಕೇಳಿಕೊಂಡು ಬರುವ ಕರೆಗಳು ಎರಡೇ ಬಗೆ. ಒಂದು, "ಯಾರೋ ಫೈಲ್ ಅಳಿಸಿಬಿಟ್ಟಿದ್ದಾರೆ, ಮೊನ್ನೆ ಸಂಜೆ ಇದ್ದದ್ದು ಬೇಕು." ಇನ್ನೊಂದು, "ಡಿಸ್ಕ್ ಹೋಯ್ತು, ಸರ್ವರ್ ಏಳ್ತಾನೇ ಇಲ್ಲ." ಮೊದಲನೆಯದು ಆಗಾಗ ಬರುತ್ತದೆ, ಎರಡನೆಯದು ಅಪರೂಪ. ಟೇಪಿನ ಮೇಲೆ ಏನು ಬರೆದಿಟ್ಟಿದ್ದೀರಿ ಅನ್ನೋದರ ಮೇಲೆ ಒಂದು ಕರೆಗೆ ಹತ್ತು ನಿಮಿಷ ಸಾಕಾಗಬಹುದು, ಇನ್ನೊಂದಕ್ಕೆ ಇಡೀ ರಾತ್ರಿ ಹೋಗಬಹುದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಇಮೇಜ್, ಅಂದರೆ ಸತ್ತ ಯಂತ್ರವನ್ನು ಮತ್ತೆ ಎಬ್ಬಿಸುವ ಬ್ಯಾಕಪ್, ಚಿಕ್ಕದಾಗಿರಲಿ, ಅದರಲ್ಲಿ ಓಎಸ್ (ಆಪರೇಟಿಂಗ್ ಸಿಸ್ಟಮ್) ಮಾತ್ರ ಇರಲಿ, ಸಿಸ್ಟಮ್ ಬದಲಾದಾಗ ಮಾತ್ರ ತೆಗೆಯಿರಿ. ಡೇಟಾ ಎಲ್ಲಾ ಫೈಲ್ ಬ್ಯಾಕಪ್ಪಿಗೆ ಹೋಗಲಿ, ಅದು ದಿನಾ ನಡೆಯಲಿ. "ಎಲ್ಲಾ ಒಂದೇ ಇಮೇಜಿನಲ್ಲಿ ಇರಲಿ, ಸುಲಭ ಅಲ್ವಾ" ಅನ್ನುವವರು ಬಹಳ ಜನ ಸಿಗುತ್ತಾರೆ. ತೆಗೆಯೋದು ಸುಲಭ, ನಿಜ. ವಾಪಸ್ ಹಾಕುವಾಗ ಅದರ ಕಷ್ಟ ಗೊತ್ತಾಗುತ್ತದೆ. ಆದರೆ ಯಾವ ಯುನಿಕ್ಸ್, ಯಾವ ಡ್ರೈವ್, ಯಂತ್ರ ಸತ್ತರೆ ಬದಲಿಗೆ ಏನು ಸಿಗುತ್ತದೆ ಅನ್ನೋದರ ಮೇಲೆ ಈ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ.

ಇಮೇಜ್ ಅಂದರೆ ಡಿಸ್ಕಿನ ನಕಲಲ್ಲ

ಇಮೇಜ್ ಅಂದ ಕೂಡಲೇ ಡಿಡಿ ಕಮಾಂಡ್ ನೆನಪಾಗುತ್ತದೆ. ಡಿಸ್ಕನ್ನು ಬ್ಲಾಕ್ ಬ್ಲಾಕಾಗಿ ಓದಿ ಟೇಪಿಗೆ ಸುರಿಯೋದು. ಇದನ್ನು ಮೊದಲು ಪಕ್ಕಕ್ಕಿಡೋಣ. ಡಿಡಿ ಖಾಲಿ ಜಾಗವನ್ನೂ ನಕಲು ಮಾಡುತ್ತದೆ. ಸಿಸ್ಟಮ್ ಓಡುತ್ತಿರುವಾಗಲೇ ಹೊಡೆದರೆ ಫೈಲ್‌ಸಿಸ್ಟಮ್ ಅರ್ಧ ಹಳೆಯದು, ಅರ್ಧ ಹೊಸದು ಆಗಿ ಟೇಪಿನಲ್ಲಿ ಕೂರುತ್ತದೆ. ವಾಪಸ್ ಹಾಕಲು ಅಷ್ಟೇ ದೊಡ್ಡ ಡಿಸ್ಕೋ, ಅದಕ್ಕಿಂತ ದೊಡ್ಡದೋ ಬೇಕು. ಆ ಟೇಪಿನಿಂದ ಯಂತ್ರ ಬೂಟ್ ಆಗುವುದೂ ಇಲ್ಲ. ಸಾಯುತ್ತಿರುವ ಡಿಸ್ಕಿನಿಂದ ಸಿಕ್ಕಷ್ಟು ಬಾಚಿಕೊಳ್ಳಲು ಡಿಡಿ ಒಳ್ಳೆಯದು. ದಿನನಿತ್ಯದ ಬ್ಯಾಕಪ್ಪಿಗೆ ಅಲ್ಲ.

ಯುನಿಕ್ಸಿನವರು ರಿಕವರಿ ಇಮೇಜ್ ಅನ್ನುವುದು ಬೇರೆಯದಕ್ಕೆ. ಅದರಲ್ಲಿ ಮೂರು ಸಾಮಾನು ಇರುತ್ತವೆ. ಯಂತ್ರವನ್ನು ಎಬ್ಬಿಸಲು ಬೇಕಾದ ಬೂಟ್ ಭಾಗ, ಡಿಸ್ಕುಗಳನ್ನು ಹೇಗೆ ಹಂಚಿತ್ತು ಅನ್ನುವ ವಿವರ, ಕೊನೆಗೆ ಫೈಲುಗಳ ಸಾದಾ ಆರ್ಕೈವ್. ಅಂದರೆ ಇಮೇಜಿನ ಹೊಟ್ಟೆಯಲ್ಲೂ ಒಂದು ಫೈಲ್ ಬ್ಯಾಕಪ್ಪೇ ಇದೆ! ಇದೊಂದು ಮಾತು ತಲೆಯಲ್ಲಿದ್ದರೆ ಮುಂದಿನ ಅರ್ಧ ಗೊಂದಲ ಹೋಗುತ್ತದೆ.

ಐಬಿಎಂನ ಯುನಿಕ್ಸ್ ಆದ ಎಐಎಕ್ಸ್‌ನಲ್ಲಿ ಎಂಕೆಸಿಸ್‌ಬಿ ಅನ್ನುವ ಕಮಾಂಡ್ ಬರೆಯುವ ಇಮೇಜ್ ಟೇಪನ್ನೇ ನೋಡಿ. ಅದರಲ್ಲಿ ಒಂದರ ಹಿಂದೆ ಒಂದು ನಾಲ್ಕು ಭಾಗಗಳಿರುತ್ತವೆ. ಮೊದಲನೆಯದು ಬೂಟ್ ಇಮೇಜ್. ಎರಡನೆಯದರಲ್ಲಿ ಇನ್‌ಸ್ಟಾಲಿಗೆ ಬೇಕಾದ ಫೈಲುಗಳು. ಮೂರನೆಯದು ಹೆಸರಿಗೆ ಮಾತ್ರ ಇರುವ ಟಿಓಸಿ (ಪರಿವಿಡಿ). ನಾಲ್ಕನೆಯದರಲ್ಲಿ ರೂಟ್‌ವಿಜಿಯ (ಓಎಸ್ ಇರುವ ಡಿಸ್ಕುಗಳ ಗುಂಪು) ಫೈಲುಗಳೆಲ್ಲ, ಎಐಎಕ್ಸ್‌ನ ಮಾಮೂಲಿ ಬ್ಯಾಕಪ್ ಕಮಾಂಡಿನ ರೂಪದಲ್ಲಿ. ಲಾಜಿಕಲ್ ವಾಲ್ಯೂಮ್ (ಆ ಗುಂಪಿನೊಳಗೆ ಹಂಚಿದ ಭಾಗ) ಎಷ್ಟು, ಪೇಜಿಂಗ್ ಸ್ಪೇಸ್ ಎಷ್ಟು, ಯಾವ ಫೈಲ್‌ಸಿಸ್ಟಮ್ ಎಷ್ಟು ದೊಡ್ಡದು ಅನ್ನುವುದು ಇಮೇಜ್.ಡೇಟಾ ಅನ್ನುವ ಫೈಲಿನಲ್ಲಿ ಬರೆದಿರುತ್ತದೆ. ರೀಸ್ಟೋರ್ ಮಾಡುವಾಗ ಅದನ್ನು ಓದಿ ಹೊಸ ಡಿಸ್ಕಿನಲ್ಲಿ ಎಲ್ಲವನ್ನೂ ಮತ್ತೆ ಕಟ್ಟುತ್ತದೆ. ಹಾಗಾಗಿ ಹೊಸ ಡಿಸ್ಕ್ ಹಳೆಯದರ ಅಳತೆಯದ್ದೇ ಆಗಿರಬೇಕು ಅಂತಿಲ್ಲ. ಶ್ರಿಂಕ್ ಅನ್ನುವ ಆಯ್ಕೆ ಹಾಕಿದರೆ ಫೈಲ್‌ಸಿಸ್ಟಮ್‌ಗಳನ್ನು ಕುಗ್ಗಿಸಿ ಚಿಕ್ಕ ಡಿಸ್ಕಿನಲ್ಲೂ ಕೂರಿಸುತ್ತದೆ. ಡಿಡಿ ಕೈಯಲ್ಲಿ ಇದು ಆಗುವ ಕೆಲಸವಲ್ಲ.

ಹೆಚ್‌ಪಿಯ ಯುನಿಕ್ಸ್ ಆದ ಹೆಚ್‌ಪಿ-ಯುಎಕ್ಸ್‌ನಲ್ಲಿ ಈ ಕೆಲಸ ಇಗ್ನೈಟ್ ಅನ್ನುವ ಸಾಧನದ ಮೇಕ್_ಟೇಪ್_ರಿಕವರಿ ಕಮಾಂಡಿನದ್ದು. ಅಲ್ಲೊಂದು ಎಡವುವ ಜಾಗ ಇದೆ. ಆಪ್ಶನ್ ಏನೂ ಕೊಡದೆ ಓಡಿಸಿದರೆ ಅದು ಸಿಸ್ಟಮ್ ಏಳಲು ಬೇಕಾದ ಮುಖ್ಯ ಫೈಲುಗಳನ್ನು ಮಾತ್ರ ತೆಗೆದುಕೊಳ್ಳುತ್ತದೆ. ವಿಜಿ00 (ಅಲ್ಲಿ ಓಎಸ್ ಇರುವ ಡಿಸ್ಕುಗಳ ಗುಂಪು) ಪೂರ್ತಿ ಬೇಕು ಅಂದರೆ ಇಂಕ್_ಎಂಟೈರ್ ಆಯ್ಕೆಯಲ್ಲಿ ಆ ಹೆಸರು ಕೊಡಲೇಬೇಕು. ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಸೇವೆ) ವರ್ಷಗಟ್ಟಲೆ ಸುಮ್ನೆ ಓಡುತ್ತಿರುವ ಕಮಾಂಡಿನಲ್ಲಿ ಅದು ಇದೆಯೋ ಇಲ್ಲವೋ, ಇವತ್ತೇ ಒಮ್ಮೆ ನೋಡಿಬಿಡಿ.

ಫೈಲ್ ಬ್ಯಾಕಪ್ಪಿನ ಕಡೆ ಹೇಳಬೇಕಾದ್ದು ಕಡಿಮೆ, ಎಲ್ಲರಿಗೂ ಗೊತ್ತಿರುವುದೇ. ಫೈಲುಗಳನ್ನು ಒಂದೇ ಕಟ್ಟು ಮಾಡುವ ಟಾರ್ 1979ರ ಏಳನೇ ಆವೃತ್ತಿಯ ಯುನಿಕ್ಸಿನಲ್ಲಿ ಬಂತು, ಈಗಲೂ ಇದೆ. ಅದೇ ಕೆಲಸದ ಸಿಪಿಐಓ ಇದೆ. ಇಡೀ ಫೈಲ್‌ಸಿಸ್ಟಮ್ ತೆಗೆಯುವ ಡಂಪ್ ಮತ್ತು ಅದರ ಮಕ್ಕಳು ಇವೆ: ಸನ್ ಕಂಪನಿಯ ಯುನಿಕ್ಸ್ ಆದ ಸೋಲಾರಿಸ್‌ನ ಯುಎಫ್‌ಎಸ್‌ಡಂಪ್, ಎಕ್ಸ್‌ಎಫ್‌ಎಸ್ ಅನ್ನುವ ಫೈಲ್‌ಸಿಸ್ಟಮ್‌ಗೆ ಎಕ್ಸ್‌ಎಫ್‌ಎಸ್‌ಡಂಪ್. ಹೆಚ್‌ಪಿ-ಯುಎಕ್ಸ್‌ನಲ್ಲಿ ಎಫ್‌ಬ್ಯಾಕಪ್. ಡಂಪ್ ಬಳಗದ್ದೆಲ್ಲ 0ಯಿಂದ 9ರವರೆಗೆ ಲೆವೆಲ್ ಇಟ್ಟುಕೊಂಡಿವೆ. ಸೊನ್ನೆ ಅಂದರೆ ಪೂರ್ತಿ. ಮೇಲಿನ ಲೆವೆಲ್ ಅಂದರೆ ಅದಕ್ಕಿಂತ ಕೆಳಗಿನ ಲೆವೆಲ್ಲಿನ ಕೊನೆಯ ಡಂಪ್ ಆದಮೇಲೆ ಬದಲಾದದ್ದು ಮಾತ್ರ. ಸೋಲಾರಿಸ್‌ನಲ್ಲಿ ಯಾವಾಗ ಯಾವ ಲೆವೆಲ್ ಆಯಿತು ಅನ್ನೋದು ಈಟಿಸಿಯ ಡಂಪ್‌ಡೇಟ್ಸ್ ಫೈಲಿನಲ್ಲಿ ದಾಖಲಾಗುತ್ತದೆ, ಯು ಅಕ್ಷರ ಹಾಕಿದ್ದರೆ ಮಾತ್ರ.

ಯಂತ್ರ ಸತ್ತ ದಿನ

ಇಮೇಜ್ ಇದ್ದರೆ ಕೆಲಸ ಹೀಗೆ ಸಾಗುತ್ತದೆ. ಹೊಸ ಡಿಸ್ಕ್ ಹಾಕುತ್ತೀರಿ, ಟೇಪ್ ತೂರಿಸುತ್ತೀರಿ, ಫರ್ಮ್‌ವೇರ್ ಮೆನುವಿನಲ್ಲಿ ಟೇಪಿನಿಂದ ಬೂಟ್ ಆರಿಸುತ್ತೀರಿ. ಒಂದೆರಡು ಪ್ರಶ್ನೆಗೆ ಉತ್ತರ ಕೊಡುತ್ತೀರಿ. ಉಳಿದದ್ದು ಅದೇ ಮಾಡಿಕೊಳ್ಳುತ್ತದೆ. ಮಧ್ಯರಾತ್ರಿ, ನಿದ್ದೆಗಣ್ಣಿನಲ್ಲಿ, ಸಿಸ್ಟಮ್ ಅಷ್ಟಾಗಿ ಗೊತ್ತಿಲ್ಲದವರೂ ಮಾಡಬಹುದು. ನನ್ನ ಮಟ್ಟಿಗೆ ಇಮೇಜಿನ ದೊಡ್ಡ ಬೆಲೆ ಇದೇ. ಸಮಯ ಉಳಿಯುವುದು ಆಮೇಲಿನ ಮಾತು, ಯೋಚನೆ ಉಳಿಯುತ್ತದೆ.

ಬರೀ ಫೈಲ್ ಬ್ಯಾಕಪ್ ಇದ್ದರೆ? ಸನ್ನಿನ ಸ್ಪಾರ್ಕ್ ಪ್ರೊಸೆಸರ್ ಯಂತ್ರದ ಹಳೆಯ ಸೋಲಾರಿಸ್, ಯುಎಫ್‌ಎಸ್ (ಅದರ ಹಳೆಯ ಫೈಲ್‌ಸಿಸ್ಟಮ್) ರೂಟ್, ಕೈಯಲ್ಲಿ ಲೆವೆಲ್ 0 ಯುಎಫ್‌ಎಸ್‌ಡಂಪ್ ಟೇಪ್ ಅಂದುಕೊಳ್ಳಿ. ಮೊದಲು ಇನ್‌ಸ್ಟಾಲ್ ಸಿಡಿಯಿಂದ ಸಿಂಗಲ್ ಯೂಸರ್ ಮೋಡಿಗೆ ಬೂಟ್ ಮಾಡಬೇಕು. ಫಾರ್ಮ್ಯಾಟ್ ಕಮಾಂಡಿನಲ್ಲಿ ಸ್ಲೈಸ್‌ಗಳನ್ನು (ಡಿಸ್ಕಿನ ಭಾಗಗಳನ್ನು) ಹಂಚಬೇಕು. ಯಾವುದು ಎಷ್ಟು ಅಂತ ನೆನಪಿದೆಯಾ? ಆ ಹಂಚಿಕೆ ತೋರಿಸುವ ಪಿಆರ್‌ಟಿವಿಟಿಓಸಿ ಕಮಾಂಡಿನ ಔಟ್‌ಪುಟ್ ಮೊದಲೇ ಕಾಗದಕ್ಕೆ ಇಳಿಸಿಟ್ಟಿದ್ದರೆ ಬಚಾವ್. ಆಮೇಲೆ ಪ್ರತಿ ಸ್ಲೈಸಿಗೂ ನ್ಯೂಎಫ್‌ಎಸ್ ಹೊಡೆದು ಹೊಸ ಫೈಲ್‌ಸಿಸ್ಟಮ್. ಮೌಂಟ್ ಮಾಡಿ, ಆ ಡೈರೆಕ್ಟರಿಯ ಒಳಗೆ ಹೋಗಿ ಯುಎಫ್‌ಎಸ್‌ರೀಸ್ಟೋರ್ ಆರ್. ನಡುವೆ ಇನ್‌ಕ್ರಿಮೆಂಟಲ್ (ಬದಲಾದದ್ದು ಮಾತ್ರ ಇರುವ) ಟೇಪುಗಳಿದ್ದರೆ ಒಂದಾದ ಮೇಲೆ ಒಂದು, ಲೆವೆಲ್ ಕ್ರಮದಲ್ಲಿ. ಎಲ್ಲಾ ಮುಗಿದ ಮೇಲೆ ಅಲ್ಲಿ ಬಿದ್ದಿರುವ ರೀಸ್ಟೋರ್‌ಸಿಮ್‌ಟೇಬಲ್ ಫೈಲ್ ತೆಗೆಯಬೇಕು. ಅದನ್ನು ನಡುವೆಯೇ ಅಳಿಸಿದರೆ ಮುಂದಿನ ಇನ್‌ಕ್ರಿಮೆಂಟಲ್ ಹಾಕಲು ಬರುವುದಿಲ್ಲ. ಕೊನೆಗೆ ಡಿಸ್ಕಿಗೆ ಬೂಟ್ ಭಾಗ ಬರೆಯುವ ಇನ್‌ಸ್ಟಾಲ್‌ಬೂಟ್ ಹೊಡೆಯಬೇಕು. ಡಿಸ್ಕಿನ ಕಂಟ್ರೋಲರ್ ನಂಬರ್ ಬದಲಾಗಿದ್ದರೆ ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನುವ ವಿಎಫ್‌ಎಸ್‌ಟ್ಯಾಬ್ ಫೈಲ್ ತಿದ್ದಬೇಕು.

ಇದರಲ್ಲಿ ಒಂದೂ ಕಷ್ಟದ ಕೆಲಸವಲ್ಲ. ಆದರೆ ಮುಖ್ಯ ಹಂತ ಒಂದು ಬಿಟ್ಟುಹೋದರೂ ಯಂತ್ರ ಏಳುವುದಿಲ್ಲ. ಇನ್‌ಸ್ಟಾಲ್‌ಬೂಟ್ ಮರೆತರೆ ಡೇಟಾ ಪೂರ್ತಿ ಡಿಸ್ಕಿನಲ್ಲಿ ಇದ್ದರೂ ಫರ್ಮ್‌ವೇರಿನ ಓಕೆ ಪ್ರಾಂಪ್ಟಿನಲ್ಲೇ ನಿಂತಿರುತ್ತೀರಿ. ಲಿನಕ್ಸಿನಲ್ಲೂ ಕಥೆ ಇದೇ, ಎಡವುವ ಜಾಗ ಬೇರೆ. ಹೊಸದಾಗಿ ಫೈಲ್‌ಸಿಸ್ಟಮ್ ಮಾಡಿದಾಗ ಅದಕ್ಕೆ ಹೊಸ ಯುಯುಐಡಿ (ಗುರುತಿನ ಸಂಖ್ಯೆ) ಬರುತ್ತದೆ. ಟೇಪಿನಿಂದ ಬಂದ ಎಫ್‌ಎಸ್‌ಟ್ಯಾಬ್‌ನಲ್ಲಿ (ವಿಎಫ್‌ಎಸ್‌ಟ್ಯಾಬಿನಂಥದ್ದೇ ಫೈಲ್) ಹಳೆಯದೇ ಇರುತ್ತದೆ. ಬೂಟ್ ಅರ್ಧಕ್ಕೆ ನಿಂತು "ಡಿಸ್ಕ್ ಸಿಗ್ತಿಲ್ಲ" ಅನ್ನುತ್ತದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಯೋಚಿಸುವುದೇ ಇಲ್ಲ. ದೊಡ್ಡ ಬ್ಯಾಕಪ್ ಸಾಫ್ಟ್‌ವೇರ್ ಇಟ್ಟುಕೊಂಡವರು "ನಮ್ಮ ಹತ್ತಿರ ಎಲ್ಲಾ ಫೈಲೂ ಇದೆ" ಅಂತ ನೆಮ್ಮದಿಯಾಗಿರುತ್ತಾರೆ. ಸರಿ, ಸತ್ತ ಯಂತ್ರಕ್ಕೆ ಆ ಫೈಲುಗಳನ್ನು ತರುವವರು ಯಾರು? ಮೊದಲು ಓಎಸ್ ಹಾಕಬೇಕು, ಪ್ಯಾಚ್ ಹಾಕಬೇಕು, ನೆಟ್‌ವರ್ಕ್ ಕಾನ್ಫಿಗರ್ ಮಾಡಬೇಕು, ಬ್ಯಾಕಪ್ಪಿನ ಕ್ಲೈಂಟ್ ಹಾಕಬೇಕು. ಆಮೇಲೆ ರೀಸ್ಟೋರ್. ಈಗ ಸತ್ತದ್ದು ಬ್ಯಾಕಪ್ ಸರ್ವರ್ರೇ ಅಂದುಕೊಳ್ಳಿ. ಯಾವ ಫೈಲ್ ಯಾವ ಟೇಪಿನಲ್ಲಿದೆ ಅನ್ನುವ ಕ್ಯಾಟಲಾಗ್ ಇದ್ದದ್ದೇ ಅದರೊಳಗೆ. ಹಾಗಾಗಿ ಬೇರೆ ಯಾವ ಯಂತ್ರಕ್ಕೆ ಬಿಟ್ಟರೂ ಬ್ಯಾಕಪ್ ಸರ್ವರಿಗೆ ಮಾತ್ರ ಬೂಟ್ ಆಗುವ ಇಮೇಜ್ ಬೇಕೇ ಬೇಕು, ಅದಕ್ಕೇ ನೇರವಾಗಿ ಜೋಡಿಸಿದ ಡ್ರೈವಿನಲ್ಲಿ.

ನೇರವಾಗಿ ಅಂದದ್ದಕ್ಕೆ ಕಾರಣ ಇದೆ. ಫರ್ಮ್‌ವೇರಿಗೆ ಕಾಣುವ ಡ್ರೈವಿನಿಂದ ಮಾತ್ರ ಬೂಟ್ ಆಗುತ್ತದೆ. ನೆಟ್‌ವರ್ಕಿನ ಆಚೆ ಇನ್ನೊಂದು ಸರ್ವರಿಗೆ ಸಿಕ್ಕಿಸಿದ ಡ್ರೈವ್ ಅದಕ್ಕೆ ಕಾಣುವುದಿಲ್ಲ. ಈಗೀಗ ಇಮೇಜನ್ನು ಎನ್‌ಎಫ್‌ಎಸ್ (ನೆಟ್‌ವರ್ಕಿನ ಆಚೆಯ ಡಿಸ್ಕ್) ಮೇಲೆ ಒಂದು ಫೈಲಾಗಿ ತೆಗೆದು, ಆ ಫೈಲನ್ನು ಟೇಪಿಗೆ ಕಳಿಸುವ ಪದ್ಧತಿ ಜಾಸ್ತಿ. ತಪ್ಪೇನಿಲ್ಲ. ಆದರೆ ಆ ಟೇಪ್ ತಾನಾಗಿ ಬೂಟ್ ಆಗುವುದಿಲ್ಲ ಅನ್ನೋದು ನೆನಪಿರಲಿ. ಅದನ್ನು ನೆಟ್‌ವರ್ಕಿನಲ್ಲಿ ಬಡಿಸಲು ಎಐಎಕ್ಸ್‌ನ ಎನ್‌ಐಎಂ ಸರ್ವರೋ ಹೆಚ್‌ಪಿ-ಯುಎಕ್ಸ್‌ನ ಇಗ್ನೈಟ್ ಸರ್ವರೋ ಬದುಕಿರಬೇಕು.

ಒಂದೇ ಒಂದು ಫೈಲ್ ಬೇಕಾದಾಗ

ಇಲ್ಲಿ ಫೈಲ್ ಬ್ಯಾಕಪ್ ಸುಲಭವಾಗಿ ಗೆಲ್ಲುತ್ತದೆ. ಯುಎಫ್‌ಎಸ್‌ರೀಸ್ಟೋರನ್ನು ಐ ಹಾಕಿ ಓಡಿಸಿದರೆ ಟೇಪಿನೊಳಗೆ ಎಲ್‌ಎಸ್, ಸಿಡಿ ಮಾಡುತ್ತಾ ಓಡಾಡಬಹುದು. ಬೇಕಾದ್ದಕ್ಕೆ ಗುರುತು ಹಾಕಿ ಎಕ್ಸ್‌ಟ್ರಾಕ್ಟ್ ಅಂದರೆ ಸಾಕು. ಎಫ್‌ಬ್ಯಾಕಪ್ ಟೇಪಿನ ಶುರುವಿನಲ್ಲೇ ಇಂಡೆಕ್ಸ್ ಇರುತ್ತದೆ. ಅದನ್ನು ಮೊದಲು ತೆಗೆದುಕೊಂಡು, ಬೇಕಾದ ಫೈಲ್ ಇದೆಯಾ ಅಂತ ನೋಡಿ ಮುಂದುವರಿಯಬಹುದು. ಟಾರ್‌ಗೆ ಇಂಥ ಇಂಡೆಕ್ಸ್ ಇಲ್ಲ. ಮೊದಲಿನಿಂದ ಓದುತ್ತಾ ಹೋಗಬೇಕು, ಫೈಲ್ ಕೊನೆಯಲ್ಲಿದ್ದರೆ ಕಾಯಬೇಕು.

ಇಮೇಜಿನಿಂದ ಒಂದು ಫೈಲ್ ತೆಗೆಯಲು ಆಗುವುದಿಲ್ಲ ಅಂತ ನಂಬಿರುವವರಿದ್ದಾರೆ. ಆಗುತ್ತದೆ. ಹೊಟ್ಟೆಯಲ್ಲಿ ಫೈಲ್ ಆರ್ಕೈವ್ ಇದೆ ಅಂದೆನಲ್ಲ, ಅಲ್ಲಿಗೆ ಟೇಪನ್ನು ಓಡಿಸಿದರಾಯಿತು. ಎಐಎಕ್ಸ್‌ನಲ್ಲಿ ಮೊದಲು ಟೇಪ್ ಓಡಿಸುವ ಟಿಸಿಟಿಎಲ್ ಕಮಾಂಡಿನಿಂದ ರಿವೈಂಡ್. ಆಮೇಲೆ ಎಫ್‌ಎಸ್‌ಎಫ್ 3, ಅಂದರೆ ಮೂರು ಫೈಲ್‌ಮಾರ್ಕ್ (ಭಾಗಗಳ ನಡುವಿನ ಗುರುತು) ದಾಟಿ ನಾಲ್ಕನೇ ಭಾಗದ ಬಾಗಿಲಿಗೆ. ಅಲ್ಲಿಂದ ರೀಸ್ಟೋರ್ ಕಮಾಂಡ್, ಫೈಲಿನ ಹೆಸರು ಚುಕ್ಕೆ ಮತ್ತು ಸ್ಲ್ಯಾಶ್‌ನಿಂದ ಶುರು.

ಇದನ್ನು ಟೇಪ್ ಡ್ರೈವಿನ ಮಾಮೂಲಿ ಹೆಸರಾದ ಆರ್‌ಎಂಟಿ0 ಮೇಲೆ ಮಾಡಿದರೆ ಕೆಟ್ಟಿತು. ಆ ಹೆಸರಿನಲ್ಲಿ ಡಿವೈಸ್ ಮುಚ್ಚಿದ ಕೂಡಲೇ ಟೇಪ್ ತಾನಾಗಿ ರಿವೈಂಡ್ ಆಗುತ್ತದೆ. ನೀವು ಮೂರು ಮಾರ್ಕ್ ದಾಟಿಸುತ್ತೀರಿ, ಕಮಾಂಡ್ ಮುಗಿಯುತ್ತದೆ, ಟೇಪ್ ಸದ್ದಿಲ್ಲದೆ ಮೊದಲಿಗೆ ಬಂದು ನಿಲ್ಲುತ್ತದೆ. ರೀಸ್ಟೋರ್ ಹೋಗಿ ಬೂಟ್ ಇಮೇಜಿಗೆ ಮುಖ ಗುದ್ದಿಕೊಂಡು "ಇದು ಬ್ಯಾಕಪ್ ಫಾರ್ಮ್ಯಾಟ್ ಅಲ್ಲ" ಅನ್ನುತ್ತದೆ. ಟೇಪ್ ಕೆಟ್ಟಿದೆ ಅಂತ ಅದನ್ನು ಪಕ್ಕಕ್ಕೆ ಎಸೆಯುವುದು ಇಂಥ ಹೊತ್ತಿನಲ್ಲೇ. ಬಳಸಬೇಕಾದದ್ದು ಆರ್‌ಎಂಟಿ0.1, ಮುಚ್ಚಿದಾಗ ರಿವೈಂಡ್ ಆಗದ ಹೆಸರು. ಸೋಲಾರಿಸ್, ಹೆಚ್‌ಪಿ-ಯುಎಕ್ಸ್‌ಗಳಲ್ಲಿ ಇದಕ್ಕೆ ಹೆಸರಿನ ಕೊನೆಗೆ ಎನ್ ಸೇರುತ್ತದೆ. ಲಿನಕ್ಸಿನಲ್ಲಿ ಎಸ್‌ಟಿ0 ಬದಲು ಎನ್‌ಎಸ್‌ಟಿ0. ಹೆಚ್‌ಪಿ-ಯುಎಕ್ಸ್‌ನ ರಿಕವರಿ ಟೇಪಿನಲ್ಲಿ ಬೂಟ್ ಭಾಗ ಒಂದೇ, ಹಾಗಾಗಿ ಎಫ್‌ಎಸ್‌ಎಫ್ 1 ಸಾಕು. ಅಲ್ಲಿಂದ ಮುಂದೆ ಸಾದಾ ಟಾರ್ ಓದುತ್ತದೆ.

ಎಐಎಕ್ಸ್‌ನವರಿಗೆ ಇನ್ನೊಂದು ತಲೆಬಿಸಿ ಬ್ಲಾಕ್ ಸೈಜ್. ಎಂಕೆಸಿಸ್‌ಬಿಯ ಮೊದಲ ಮೂರು ಭಾಗ ಯಾವಾಗಲೂ 512 ಬೈಟಿನ ಬ್ಲಾಕಿನಲ್ಲಿರುತ್ತವೆ. ನಾಲ್ಕನೆಯದು ಮಾತ್ರ, ಇಮೇಜ್ ತೆಗೆದ ದಿನ ಡ್ರೈವ್ ಯಾವ ಸೈಜಿನಲ್ಲಿತ್ತೋ ಅದರಲ್ಲಿ. ಆ ಸೈಜ್ ಮರೆತಿದ್ದರೆ ಎರಡನೇ ಭಾಗದಿಂದ ಟೇಪ್‌ಬಿಎಲ್‌ಕೆಎಸ್‌ಝಡ್ ಅನ್ನುವ ಪುಟ್ಟ ಫೈಲ್ ತೆಗೆದು ನೋಡಿ, ಅದರಲ್ಲಿ ಬರೆದಿರುತ್ತದೆ. ಬೂಟ್ ಮಾಡಿ ರೀಸ್ಟೋರ್ ಮಾಡುವಾಗ ಈ ಲೆಕ್ಕವೆಲ್ಲ ಅದೇ ನೋಡಿಕೊಳ್ಳುತ್ತದೆ. ಕೈಯಾರೆ ಒಂದು ಫೈಲ್ ತೆಗೆಯುವಾಗ ಮಾತ್ರ ನಿಮ್ಮ ತಲೆಗೆ ಬರುತ್ತದೆ.

ಅಂದರೆ ಒಂದು ಫೈಲ್ ಬೇಕು ಅಂದಾಗ ಇಮೇಜ್ ಕೈಕೊಡುವುದು ತಾಂತ್ರಿಕ ಕಾರಣಕ್ಕಲ್ಲ. ಇಮೇಜ್ ತಿಂಗಳ ಹಳೆಯದು. ಕೇಳಿದ್ದು ಮೊನ್ನೆಯದು. ತೊಂದರೆ ಅಷ್ಟೇ.

ಎಷ್ಟು ಟೇಪ್, ಎಷ್ಟು ಹೊತ್ತು

ಮೊದಲೆಲ್ಲ ಇಮೇಜ್ ಚಿಕ್ಕದಾಗಿಡಲು ಕಾರಣ ಟೇಪಿನ ಅಳತೆ. ಆಗಿನ ಚಿಕ್ಕ ಟೇಪುಗಳಲ್ಲಿ ಡಿಡಿಎಸ್-3 ಹಿಡಿಸುತ್ತಿದ್ದದ್ದು 12 ಜಿಬಿ, ಡಿಡಿಎಸ್-4 ಆದರೆ 20 ಜಿಬಿ, ಡ್ಯಾಟ್ 72 ಆದರೆ 36 ಜಿಬಿ. ಇಮೇಜ್ ಒಂದೇ ಕಾರ್ಟ್ರಿಜ್ಜಿನಲ್ಲಿ ಹಿಡಿಸದಿದ್ದರೆ ಮಧ್ಯರಾತ್ರಿ ಎದ್ದು ಎರಡನೆಯದು ಹಾಕಬೇಕು. ಈಗಿನ ದೊಡ್ಡ ಟೇಪುಗಳ ಬಗೆ ಎಲ್‌ಟಿಓ; ಅದರಲ್ಲಿ ಎಲ್‌ಟಿಓ-5 ಒಂದೇ 1.5 ಟಿಬಿ ಹಿಡಿಸುತ್ತದೆ, ಎಲ್‌ಟಿಓ-8 ಆದರೆ 12 ಟಿಬಿ. ಆ ನೆಪ ಹೋಯಿತು.

ಆದರೂ ಚಿಕ್ಕದಾಗಿಡಿ ಅನ್ನುತ್ತೇನೆ. ಕಾರಣ ರೀಸ್ಟೋರಿನ ಹೊತ್ತು. ಎಲ್‌ಟಿಓ-4 ಡ್ರೈವ್ ಸೆಕೆಂಡಿಗೆ 120 ಎಂಬಿ ಓಡುತ್ತದೆ. ಆ ವೇಗದಲ್ಲೇ ಓಡಿದರೂ 800 ಜಿಬಿ ಟೇಪ್ ಪೂರ್ತಿ ಓದಲು ಎರಡು ಗಂಟೆಯ ಹತ್ತಿರ ಬೇಕು. ಲಕ್ಷಗಟ್ಟಲೆ ಸಣ್ಣ ಫೈಲುಗಳಿದ್ದರೆ ಅವುಗಳನ್ನು ಡಿಸ್ಕಿನಲ್ಲಿ ಒಂದೊಂದಾಗಿ ಹುಟ್ಟಿಸುವುದರಲ್ಲೇ ಸಮಯ ಹೋಗುತ್ತದೆ, ಆ ವೇಗ ಕನಸಿನ ಮಾತು. ಓಎಸ್ ಮಾತ್ರ ಇರುವ ಇಮೇಜ್ ಬೇಗ ಇಳಿಯುತ್ತದೆ, ಯಂತ್ರ ಏಳುತ್ತದೆ. ಆಮೇಲೆ ಡೇಟಾವನ್ನು ಬೇಕಾದ ಕ್ರಮದಲ್ಲಿ ತಂದುಕೊಳ್ಳಬಹುದು. ಮೊದಲು ಬಿಲ್ಲಿಂಗ್, ಆಮೇಲೆ ಉಳಿದದ್ದು. ಎಲ್ಲಾ ಒಂದೇ ಇಮೇಜಿನಲ್ಲಿದ್ದರೆ ಆ ಆಯ್ಕೆ ನಿಮಗಿಲ್ಲ.

ಎಐಎಕ್ಸ್‌ನಲ್ಲಿ ಈ ಬೇರ್ಪಡಿಕೆ ಮೊದಲೇ ಮಾಡಿಟ್ಟಿದೆ. ಎಂಕೆಸಿಸ್‌ಬಿ ರೂಟ್‌ವಿಜಿಯನ್ನು ಮಾತ್ರ ತೆಗೆದುಕೊಳ್ಳುತ್ತದೆ, ಅದರಲ್ಲೂ ಮೌಂಟ್ ಆಗಿರುವ ಫೈಲ್‌ಸಿಸ್ಟಮ್‌ಗಳನ್ನು ಮಾತ್ರ. ಫೈಲ್‌ಸಿಸ್ಟಮ್ ಇಲ್ಲದ ಕಚ್ಚಾ ಲಾಜಿಕಲ್ ವಾಲ್ಯೂಮ್‌ನ ಒಳಗಿರುವುದು ಬರುವುದಿಲ್ಲ. ಬೇರೆ ವಾಲ್ಯೂಮ್ ಗ್ರೂಪಿಗೆ ಸೇವ್‌ವಿಜಿ ಇದೆ. ಅಪ್ಲಿಕೇಶನ್ನನ್ನು ರೂಟ್‌ವಿಜಿಯೊಳಗೇ ತುರುಕಿದವರು ಎಕ್ಸ್‌ಕ್ಲೂಡ್ (ಏನನ್ನು ಬಿಡಬೇಕು ಅನ್ನುವ) ಪಟ್ಟಿ ಬರೆಯಬೇಕಾಗುತ್ತದೆ. ಅದರಲ್ಲೂ ಹುಷಾರು. ಆ ಪಟ್ಟಿಯ ಸಾಲುಗಳು ಗ್ರೆಪ್ ಪ್ಯಾಟರ್ನ್‌ಗಳು, ಅಂದರೆ ಹೆಸರಿನಲ್ಲಿ ಎಲ್ಲಿ ಬಂದರೂ ಹೊಂದಿಕೊಳ್ಳುತ್ತವೆ. ಸುಮ್ನೆ "/ಟಿಎಂಪಿ/" ಅಂತ ಬರೆದರೆ /ವಾರ್ ಡೈರೆಕ್ಟರಿಯ ಒಳಗಿನ ಟಿಎಂಪಿಯೂ ಹೋಯಿತು, ಅಪ್ಲಿಕೇಶನ್ನಿನ ಒಳಗೆಲ್ಲೋ ಇರುವ ಟಿಎಂಪಿಯೂ ಹೋಯಿತು. ಸಾಲಿನ ಶುರುವಿಗೆ "^./" ಇರಲೇಬೇಕು.

ಫೈಲ್ ಬ್ಯಾಕಪ್ಪಿಗೆ ಇನ್‌ಕ್ರಿಮೆಂಟಲ್ ಅನುಕೂಲ ಇದೆ, ಇಮೇಜಿಗೆ ಇಲ್ಲ. ಪ್ರತಿ ಸಲವೂ ಪೂರ್ತಿ. ಆದರೆ ಇನ್‌ಕ್ರಿಮೆಂಟಲ್‌ನಲ್ಲಿ ಟೇಪ್ ಡ್ರೈವಿಗೇ ಒಂದು ಸಂಕಟ. ಬದಲಾದ ನಾಲ್ಕೇ ಫೈಲ್ ಹುಡುಕಲು ಇಡೀ ಡಿಸ್ಕ್ ತಡಕುತ್ತಿರುವಾಗ ಡೇಟಾ ತೊಟ್ಟು ತೊಟ್ಟಾಗಿ ಬರುತ್ತದೆ. ಡ್ರೈವ್ ನಿಂತು, ಹಿಂದೆ ಸರಿದು, ಮತ್ತೆ ಓಡಿ ಬರೆಯಬೇಕು. ಇದು ಸಮಯವನ್ನೂ ತಿನ್ನುತ್ತದೆ, ಟೇಪನ್ನೂ ಸವೆಸುತ್ತದೆ. ಮೊದಲು ಡಿಸ್ಕಿನಲ್ಲಿ ಸೇರಿಸಿಕೊಂಡು ಒಂದೇ ಉಸಿರಿಗೆ ಟೇಪಿಗೆ ಬರೆದರೆ, ಇಲ್ಲವೇ ನಡುವೆ ಡೇಟಾ ಕೂಡಿಟ್ಟು ಕಳಿಸುವ ಎಂಬಫರ್‌ನಂಥ ಪ್ರೋಗ್ರಾಂ ಇಟ್ಟರೆ ಡ್ರೈವಿಗೂ ನೆಮ್ಮದಿ.

ಬೇರೆ ಯಂತ್ರಕ್ಕೆ ಹಾಕಬೇಕಾಗಿ ಬಂದರೆ

ಇಮೇಜಿನ ದೌರ್ಬಲ್ಯ ಇಲ್ಲಿದೆ. ಅದು ಆ ಓಎಸ್ಸಿಗೆ, ಆ ಬಗೆಯ ಹಾರ್ಡ್‌ವೇರಿಗೆ ಕಟ್ಟುಬಿದ್ದಿದ್ದು. ಹೆಚ್‌ಪಿಯ ಹಳೆಯ ಪಿಎ-ರಿಸ್ಕ್ ಪ್ರೊಸೆಸರಿನ ಯಂತ್ರದ ರಿಕವರಿ ಟೇಪನ್ನು ಇಟಾನಿಯಮ್ ಪ್ರೊಸೆಸರಿನ ಯಂತ್ರಕ್ಕೆ ಹಾಕಲು ಬರುವುದಿಲ್ಲ. ಬಗೆ ಒಂದೇ ಇದ್ದರೂ ಮಾಡೆಲ್ ಹೊಸದಾಗಿದ್ದರೆ ಅದರ ಡ್ರೈವರ್ ಹಳೆಯ ಇಮೇಜಿನಲ್ಲಿ ಇಲ್ಲದೇ ಇರಬಹುದು. ಆಗ ಇಮೇಜ್ ಚೆನ್ನಾಗಿಯೇ ಇಳಿದು, ಬೂಟ್ ಮಾಡುವಾಗ ಡಿಸ್ಕೇ ಕಾಣದೆ ನಿಲ್ಲುತ್ತದೆ. ಹಳೆಯ ಯಂತ್ರ ಸತ್ತರೆ ಅದೇ ಮಾಡೆಲ್ ಸಿಗುತ್ತದಾ? ಈ ಪ್ರಶ್ನೆಗೆ ನಿಮ್ಮ ಉತ್ತರ "ಇಲ್ಲ" ಅಂತಾದರೆ ಇಮೇಜನ್ನು ನೆಚ್ಚಿ ಕೂರಬೇಡಿ.

ಇನ್ನೊಂದು ಮಾತು, ಇಮೇಜನ್ನು ಪರೀಕ್ಷೆ ಮಾಡಿ ನೋಡುವವರಿಗೆ. ಇಮೇಜಿನಲ್ಲಿ ಹಳೆಯ ಯಂತ್ರದ ಹೆಸರು, ಐಪಿ ವಿಳಾಸ, ಕ್ರಾನ್ ಕೆಲಸಗಳು ಎಲ್ಲಾ ಇರುತ್ತವೆ. ಬೇರೆ ಯಂತ್ರದಲ್ಲಿ ಹಾಕಿ ನೋಡುವಾಗ ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ. ಇಲ್ಲದಿದ್ದರೆ ಒಂದೇ ಐಪಿಗೆ ಎರಡು ಯಂತ್ರ ಜಗಳಕ್ಕೆ ನಿಲ್ಲುತ್ತವೆ. ರಾತ್ರಿಯ ಕ್ರಾನ್ ಎರಡೂ ಕಡೆಯಿಂದ ಓಡಿದರಂತೂ ಮುಗಿದೇಹೋಯಿತು.

ಫೈಲ್ ಬ್ಯಾಕಪ್ಪಿಗೆ ಈ ಕಟ್ಟು ಇಲ್ಲ. ಸೋಲಾರಿಸ್‌ನಲ್ಲಿ ಬರೆದ ಟಾರ್ ಟೇಪನ್ನು ಲಿನಕ್ಸಿನಲ್ಲಿ ಓದಬಹುದು, ಡ್ರೈವ್ ಹೊಂದಿಕೊಂಡರೆ ಸಾಕು. ಹತ್ತು ವರ್ಷ ಇಡಬೇಕಾದ ಲೆಕ್ಕಪತ್ರದ ಡೇಟಾ ಇದ್ದರೆ ಯೋಚನೆಯೇ ಬೇಡ, ಅದು ಸಾದಾ ಫಾರ್ಮ್ಯಾಟಿನ ಫೈಲ್ ಬ್ಯಾಕಪ್ಪಿನಲ್ಲಿರಬೇಕು. ಆದರೆ ಸಾದಾ ಫಾರ್ಮ್ಯಾಟಿಗೂ ಮಿತಿ ಇದೆ. ಟಾರ್‌ನ ಯುಸ್ಟಾರ್ ರೂಪದಲ್ಲಿ ಒಂದು ಫೈಲ್ 8 ಜಿಬಿ ದಾಟುವ ಹಾಗಿಲ್ಲ. ಸಿಪಿಐಓದ ನ್ಯೂಸಿ ರೂಪದಲ್ಲಿ 4 ಜಿಬಿ. ಗ್ನೂ ಟಾರ್ ಈ ಮಿತಿ ದಾಟುತ್ತದೆ, ದಾಟಿದ್ದನ್ನು ಹಳೆಯ ಯುನಿಕ್ಸಿನ ಟಾರ್ ಓದದೇ ಇರಬಹುದು. ಡ್ರೈವಿನದ್ದೂ ಒಂದು ಮಾತು. ಎಲ್‌ಟಿಓ-7ರವರೆಗೆ ಡ್ರೈವುಗಳು ಎರಡು ತಲೆಮಾರು ಹಿಂದಿನ ಟೇಪ್ ಓದುತ್ತಿದ್ದವು. ಎಲ್‌ಟಿಓ-8 ಓದುವುದು ತನ್ನದನ್ನೂ ಎಲ್‌ಟಿಓ-7ನ್ನೂ ಮಾತ್ರ. ಹಳೆಯ ಡ್ರೈವ್ ಗುಜರಿಗೆ ಹಾಕುವ ಮೊದಲು ಕಪಾಟಿನಲ್ಲಿರುವ ಟೇಪುಗಳನ್ನು ಎಣಿಸಿ.

ಅಮಾಂಡಾ ಅನ್ನುವ ಬ್ಯಾಕಪ್ ಸಾಫ್ಟ್‌ವೇರ್ ನನಗೆ ಇಷ್ಟ ಆಗುವುದು ಈ ಕಾರಣಕ್ಕೇ. ಅದು ಪ್ರತಿ ಡಂಪಿನ ಮುಂದೆ 32 ಕೆಬಿ ಹೆಡರ್ ಇಡುತ್ತದೆ, ಹಿಂದೆ ಇರುವುದು ಸಾದಾ ಟಾರ್ ಅಥವಾ ಡಂಪ್. ಇದನ್ನು ಬಿಡಿಸುವುದು ಹೇಗೆ ಅನ್ನುವ ಕಮಾಂಡನ್ನೂ ಆ ಹೆಡರಿನಲ್ಲೇ ಬರೆದಿರುತ್ತದೆ. ಅಮಾಂಡಾ ಇಲ್ಲದ ಯಂತ್ರದಲ್ಲೂ ಡಿಡಿ ಮತ್ತು ಟಾರ್ ಇಟ್ಟುಕೊಂಡು ಡೇಟಾ ತೆಗೆಯಬಹುದು.

ಸಾದಾ ಟಾರ್ ಹೊಡೆಯುವವರಿಗೆ ಒಂದು ಕಿವಿಮಾತು. ಜಿಜಿಪ್‌ನಿಂದ ಕುಗ್ಗಿಸಿದ ಟಾರನ್ನು ಟೇಪಿಗೆ ಹಾಕಬೇಡಿ. ನಡುವೆ ಒಂದು ಕಡೆ ಟೇಪ್ ಕೆಟ್ಟರೆ ಅಲ್ಲಿಂದ ಮುಂದಿನದ್ದೆಲ್ಲ ಹೋದ ಹಾಗೆಯೇ. ಡ್ರೈವಿನೊಳಗೇ ಕಂಪ್ರೆಶನ್ ಇದೆ, ಅದನ್ನು ಬಳಸಿ. ಝಡ್‌ಎಫ್‌ಎಸ್ ಫೈಲ್‌ಸಿಸ್ಟಮ್ ಬಳಸುವವರು ಅದರ ಸೆಂಡ್ ಸ್ಟ್ರೀಮನ್ನು ನೇರವಾಗಿ ಟೇಪಿಗೆ ಸುರಿಯುವುದೂ ಇಂಥದ್ದೇ ಜೂಜು. ಒಂದು ಕಡೆ ಕೆಟ್ಟರೂ ರಿಸೀವ್ ಅದನ್ನು ಒಪ್ಪುವುದಿಲ್ಲ.

ಡೇಟಾಬೇಸ್ ಇದ್ದರೆ? ಇಮೇಜೂ ಅಲ್ಲ, ಓಡುತ್ತಿರುವ ಡೇಟಾಬೇಸಿನ ಫೈಲುಗಳ ಟಾರೂ ಅಲ್ಲ. ಡೇಟಾಬೇಸಿನದ್ದೇ ಬ್ಯಾಕಪ್ ಸಾಧನದಿಂದ ತೆಗೆದು, ಆ ಔಟ್‌ಪುಟ್ಟನ್ನು ಟೇಪಿಗೆ ಕಳಿಸಿ.

ಹಾಗಾದರೆ ನಿಮಗೆ ಯಾವುದು?

ಎಐಎಕ್ಸ್ ಆದರೆ ಕಣ್ಣು ಮುಚ್ಚಿಕೊಂಡು ಎಂಕೆಸಿಸ್‌ಬಿ ತೆಗೆಯಿರಿ, ಜೊತೆಗೆ ಡೇಟಾಗೆ ಫೈಲ್ ಬ್ಯಾಕಪ್. ಇಷ್ಟು ಚೆನ್ನಾಗಿ ಕೆಲಸ ಮಾಡುವ ಸಾಧನ ಬೇರೆ ಯುನಿಕ್ಸಿನವರಿಗೆ ಸಿಕ್ಕಿಲ್ಲ ಅಂತಲೇ ನನ್ನ ಎಣಿಕೆ. ಹೆಚ್‌ಪಿ-ಯುಎಕ್ಸ್ ಆದರೂ ಹಾಗೆಯೇ, ವಿಜಿ00 ಪೂರ್ತಿ ಬರುವಂತೆ. ಹಳೆಯ ಸೋಲಾರಿಸ್ ಯುಎಫ್‌ಎಸ್ ಯಂತ್ರಕ್ಕೆ ಫ್ಲಾಶ್ ಆರ್ಕೈವ್ ಅನ್ನುವ ಇಮೇಜ್ ಇದೆ, ಅದನ್ನು ಟೇಪಿಗೂ ಬರೆಯಬಹುದು. ಆದರೂ ನಾನಾದರೆ ಲೆವೆಲ್ 0 ಯುಎಫ್‌ಎಸ್‌ಡಂಪಿಗೇ ಹೋಗುತ್ತೇನೆ, ಮೇಲೆ ಹೇಳಿದ ಹಂತಗಳನ್ನು ಒಂದು ಹಾಳೆಯಲ್ಲಿ ಬರೆದು ಟೇಪಿನ ಜೊತೆಗೇ ಇಟ್ಟು. ಒಂದೇ ಟೇಪ್ ಎರಡೂ ಕರೆಗೆ ಆಗುತ್ತದೆ.

ಲಿನಕ್ಸಿನಲ್ಲಿ ರಿಲ್ಯಾಕ್ಸ್ ಅಂಡ್ ರಿಕವರ್ ಅನ್ನುವ ಸಾಧನ ಒಳ್ಳೆಯ ಆಯ್ಕೆ. ಡಿಸ್ಕುಗಳ ಹಂಚಿಕೆಯನ್ನು ಬರೆದಿಟ್ಟುಕೊಂಡು ಅದೇ ಮತ್ತೆ ಕಟ್ಟಿಕೊಡುತ್ತದೆ. ಹೆಚ್‌ಪಿಯ ಒನ್ ಬಟನ್ ಡಿಸಾಸ್ಟರ್ ರಿಕವರಿ ಇರುವ ಡ್ರೈವ್ ನಿಮ್ಮಲ್ಲಿದ್ದರೆ ಟೇಪಿನಿಂದಲೇ ಬೂಟ್ ಮಾಡಬಹುದು. ಎಜೆಕ್ಟ್ ಬಟನ್ ಒತ್ತಿಕೊಂಡು ಪವರ್ ಹಾಕಿದರೆ ಡ್ರೈವ್ ತಾನು ಸಿಡಿ ಡ್ರೈವ್ ಅಂತ ಯಂತ್ರವನ್ನು ನಂಬಿಸುತ್ತದೆ. ಅಂಥ ಡ್ರೈವ್ ಇಲ್ಲದಿದ್ದರೆ ಟೇಪಿನ ಬೂಟಿಗೆ ಒದ್ದಾಡಬೇಡಿ. ಬೂಟ್ ಭಾಗ ಯುಎಸ್‌ಬಿ ಕಡ್ಡಿಯಲ್ಲಿರಲಿ, ಫೈಲುಗಳು ಟೇಪಿನಲ್ಲಿರಲಿ.

ಸರ್ವರನ್ನು ಸ್ಕ್ರಿಪ್ಟಿನಿಂದ ಅರ್ಧ ಗಂಟೆಯಲ್ಲಿ ಮತ್ತೆ ಕಟ್ಟಬಲ್ಲವರಿಗೆ ಇಮೇಜೇ ಬೇಡ. ಬರೀ ಫೈಲ್ ಬ್ಯಾಕಪ್ ಸಾಕು. ಅದೇ, ಹತ್ತು ವರ್ಷದಿಂದ ಯಾರೂ ಮುಟ್ಟದ, ಕಟ್ಟಿದವರು ಕೆಲಸ ಬಿಟ್ಟುಹೋದ, ಏನೇನು ಹಾಕಿದ್ದಾರೋ ಯಾರಿಗೂ ತಿಳಿಯದ ಯಂತ್ರ ಒಂದು ಮೂಲೆಯಲ್ಲಿದ್ದರೆ ಇವತ್ತೇ ಅದರ ಇಮೇಜ್ ತೆಗೆಯಿರಿ. ಅಲ್ಲಿ ಯಾವ ಫೈಲ್ ಮುಖ್ಯ ಅಂತಲೇ ನಿಮಗೆ ಗೊತ್ತಿಲ್ಲ.

ಯಾವಾಗ ತೆಗೆಯಬೇಕು? ಪ್ಯಾಚ್ ಹಾಕುವ ಮೊದಲು ಒಂದು, ಹಾಕಿ ವಾರ ನೆಟ್ಟಗೆ ಓಡಿದ ಮೇಲೆ ಇನ್ನೊಂದು. ಎರಡು ಬೇರೆ ಕಾರ್ಟ್ರಿಜ್. ಇಮೇಜಿನ ಹಿಂದೆ ಜಾಗ ಉಳಿದಿದೆ ಅಂತ ಅದೇ ಟೇಪಿನಲ್ಲಿ ದಿನದ ಟಾರ್ ಸೇರಿಸುವ ಆಸೆ ಬೇಡ. ಮುಂದಿನ ಇಮೇಜ್ ಟೇಪಿನ ಮೊದಲಿನಿಂದಲೇ ಬರೆಯುತ್ತದೆ. ಬರೆದು ಮುಗಿಸಿದ ಜಾಗದ ಆಚೆ ಇದ್ದದ್ದು ಯಾವುದೂ ಆಮೇಲೆ ಓದಲು ಸಿಗುವುದಿಲ್ಲ.

ಪರೀಕ್ಷೆಗೆ ಖಾಲಿ ಯಂತ್ರ ಇಲ್ಲ ಅನ್ನುವವರೂ ಇಷ್ಟಂತೂ ಮಾಡಬಹುದು. ಮೆಂಟೆನನ್ಸ್ ವಿರಾಮ ಸಿಕ್ಕಾಗ ಟೇಪಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಮೆನು ಬರುವವರೆಗೆ ಹೋಗಿ, ಅಲ್ಲಿಂದ ವಾಪಸ್ ಬನ್ನಿ. ಮೆನುವಿನಲ್ಲಿ ಇನ್‌ಸ್ಟಾಲ್ ಅನ್ನುವ ಸಾಲನ್ನು ಮಾತ್ರ ಒತ್ತಬೇಡಿ. ಫೈಲ್ ಬ್ಯಾಕಪ್ ಟೇಪಾದರೆ ಪಟ್ಟಿ ತೆಗೆದು ನೋಡಿದರೆ ಸಾಲದು, ಒಂದು ದೊಡ್ಡ ಫೈಲನ್ನು ಬೇರೆ ಡೈರೆಕ್ಟರಿಗೆ ತೆಗೆದು ಮೂಲದ ಜೊತೆ ಹೋಲಿಸಿ. ಎಐಎಕ್ಸ್‌ನಲ್ಲಿ ಇಮೇಜ್ ಟೇಪಿನ ಒಳಗೆ ಏನಿದೆ ಅಂತ ಲಿಸ್ಟ್‌ವಿಜಿಬ್ಯಾಕಪ್ ಹೇಳುತ್ತದೆ.

ಲೇಬಲ್ಲಿನ ಮೇಲೆ ದಿನಾಂಕ ಮತ್ತು ಸರ್ವರಿನ ಹೆಸರು ಮಾತ್ರ ಇದ್ದರೆ ಸಾಲದು. ಇಮೇಜ್ ಟೇಪಾದರೆ ಓಎಸ್‌ನ ಪ್ಯಾಚ್ ಮಟ್ಟ, ಯಂತ್ರದ ಮಾಡೆಲ್, ಬ್ಲಾಕ್ ಸೈಜ್ ಬರೆಯಿರಿ. ಫೈಲ್ ಟೇಪಾದರೆ ಲೆವೆಲ್, ಬಳಸಿದ ಕಮಾಂಡ್ ಆಪ್ಶನ್ ಸಮೇತ, ಟೇಪಿನಲ್ಲಿ ಎಷ್ಟು ಭಾಗಗಳಿವೆ, ಯಾವುದು ಯಾವ ಫೈಲ್‌ಸಿಸ್ಟಮ್. ಜಾಗ ಸಾಲದಿದ್ದರೆ ಡಬ್ಬಿಯೊಳಗೆ ಒಂದು ಚೀಟಿ ಮಡಚಿಡಿ.